ಅಳಿವೆಯ ನೀರು

ನದಿಯ ನೀರು ವ್ಯರ್ಥವಾಗಿ ಸಮುದ್ರವನ್ನು ಸೇರುತ್ತಿದೆಯೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಬಹುಶಃ ನಾವೂ ಆಡಿದ್ದೇವೆ. ಬೇಸಗೆಯಲ್ಲಿ ಬಾವಿಯ ತಳವನ್ನು ಕಂಡ ಬಯಲುಸೀಮೆಯವರಿಗೆ ಈ ಮಾತು ಸಹಜವಾದುದೇ. ಆದರೆ ನದಿಯು ಸಮುದ್ರವನ್ನು ಕೂಡುವ ಎಡೆಯಲ್ಲಿ ನಿಂತು ನೋಡಿದರೆ, ‘ವ್ಯರ್ಥ’ವೆಂಬ ಆ ಒಂದು ಪದ ನಿಲ್ಲುವುದೇ? ಈ ದಿನ ಅದನ್ನು ಸ್ವಲ್ಪ ವಿಚಾರಮಾಡೋಣ. ಇದಕ್ಕೆ ಬೇಕಾದ ಸಾಕ್ಷ್ಯವನ್ನು ದೂರದೇಶದಿಂದ ತರಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಲನ್ನು ಸೇರುವ ಅಘನಾಶಿನಿ, ಶರಾವತಿಗಳೆಂಬ ಎರಡು ನದಿಗಳೇ ಅದನ್ನು ಒದಗಿಸಿವೆ.

ನದಿಯು ಸಮುದ್ರವನ್ನು ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆಯೆಂದು ಹೆಸರಿಟ್ಟಿದ್ದಾರೆ. ಅಲ್ಲಿಂದ ಒಳಕ್ಕೆ, ಉಬ್ಬರದ ನೀರು ಏರಿಬರುವಷ್ಟು ದೂರವೂ, ನದಿಯು ಅರ್ಧ ಸಮುದ್ರವೇ ಆಗಿರುವುದು. ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ತೂಕವುಳ್ಳದ್ದಷ್ಟೆ. ಆದುದರಿಂದ ಅನೇಕ ವೇಳೆ ಅದು ತಳದಲ್ಲಿ ನುಸುಳಿ ಒಳಬರುವುದು. ಸಿಹಿನೀರು ಅದರ ಮೇಲೆ ತೇಲಿಕೊಂಡು ಹೊರಗೆ ಹರಿಯುವುದು. ಈ ಬರುವು ಹೋಗುಗಳು ದಿನಕ್ಕೆ ಎರಡು ಬಾರಿ ನಡೆಯುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅವುಗಳ ಬಲ ಹೆಚ್ಚು. ಇದು ದಿನದ ಕ್ರಮವಾಯಿತು. ವರ್ಷದ ಕ್ರಮವೊಂದು ಬೇರೆ ಉಂಟು. ಮಳೆಗಾಲದಲ್ಲಿ ಘಟ್ಟದ ನೀರು ರಭಸದಿಂದ ಇಳಿದು ಉಪ್ಪನ್ನು ಹೊರಕ್ಕೆ ನೂಕಿಬಿಡುವುದು. ಮಳೆ ನಿಂತಮೇಲೆ ಪ್ರವಾಹ ತಗ್ಗಿದಂತೆಲ್ಲ ಉಪ್ಪು ಮೆಲ್ಲಮೆಲ್ಲನೆ ಒಳಕ್ಕೆ ಮರಳುವುದು. ಕಡು ಬೇಸಗೆಯಲ್ಲಿ ಅಳಿವೆಯ ನೀರು ಹೆಚ್ಚುಕಡಮೆ ಸಮುದ್ರದ ನೀರಿನಷ್ಟೇ ಉಪ್ಪಾಗುವುದು.

ಈ ಉಪ್ಪನ್ನು ಅಳೆಯುವುದೇ ಅಳಿವೆಯನ್ನು ಅಭ್ಯಾಸಮಾಡುವ ವಿಜ್ಞಾನಿಯ ಮೊದಲನೆಯ ಕೆಲಸ. 1872ರಿಂದ 1876ರ ವರೆಗೆ ಚಾಲೆಂಜರ್ ಎಂಬ ಹಡಗು ಲೋಕದ ಕಡಲುಗಳನ್ನೆಲ್ಲ ಸುತ್ತಿ ನೀರನ್ನು ಸಂಗ್ರಹಿಸಿ ತಂದಿತು. ಆ ನೀರಿನ 77 ಮಾದರಿಗಳನ್ನು ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿ, 1884ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ತೆರೆದ ಸಮುದ್ರದಲ್ಲಿ ಉಪ್ಪಿನ ಒಟ್ಟು ಪ್ರಮಾಣ ಹೆಚ್ಚುಕಡಮೆಯಾದರೂ, ಅದರಲ್ಲಿರುವ ಮುಖ್ಯ ಲವಣಗಳು ತಮ್ಮತಮ್ಮೊಳಗೆ ಒಂದೇ ಅನುಪಾತದಲ್ಲಿರುತ್ತವೆಂಬುದು ಅದರಿಂದ ದೃಢಪಟ್ಟಿತು. ಆದಕಾರಣ ಅವುಗಳಲ್ಲಿ ಒಂದನ್ನು ಅಳೆದರೆ ಎಲ್ಲವನ್ನೂ ತಿಳಿಯಬಹುದು. ಬಹುಕಾಲ ಇದನ್ನು ಬೆಳ್ಳಿಯ ಲವಣದ ದ್ರಾವಣದಿಂದ ಅಳೆಯುತ್ತಿದ್ದರು. ಈಗ ನೀರಿನಲ್ಲಿ ವಿದ್ಯುತ್ತು ಹರಿಯುವ ಸೌಲಭ್ಯವನ್ನು ನೋಡಿ ಕ್ಷಣಮಾತ್ರದಲ್ಲಿ ತಿಳಿದುಕೊಳ್ಳುತ್ತಾರೆ. ತೆರೆದ ಸಮುದ್ರದ ಸಾವಿರ ತೂಕ ನೀರಿನಲ್ಲಿ ಸುಮಾರು 35 ತೂಕ ಉಪ್ಪು ಇರುವುದು. ಅಳಿವೆಯಲ್ಲಾದರೋ ಈ ಸಂಖ್ಯೆಯು ಸೊನ್ನೆಗೂ ಮೂವತ್ತೈದಕ್ಕೂ ನಡುವೆ ಸದಾ ತೂಗುತ್ತಿರುವುದು.

ಇಂತಹ ಚಂಚಲವಾದ ನೀರಿನಲ್ಲಿ ಬಾಳುವುದು ಸುಲಭವಲ್ಲ. ಕರಾವಳಿಯವರು ಬಳಚು ಎಂದೂ ಚಿಪ್ಪಿಕಲ್ಲು ಎಂದೂ ಕರೆಯುವ ಎರಡು ಚಿಪ್ಪಿನ ಪ್ರಾಣಿಯನ್ನೇ ನೋಡೋಣ. ಅದು ಕೆಸರಿನಲ್ಲಿಯೋ ಮರಳಿನಲ್ಲಿಯೋ ಹುದುಗಿ, ನೀರನ್ನು ಒಳಗೆಳೆದುಕೊಂಡು, ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು, ಶೋಧಿಸಿದ ನೀರನ್ನು ಹೊರಬಿಡುವುದು. ಮೀನಿನಂತೆ ಈಜಿ ಓಡಿಹೋಗಲಾರದು. ತನ್ನ ಮೈಯ ಉಪ್ಪನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಅದಕ್ಕೆ ಹೆಚ್ಚಾಗಿಲ್ಲ. ಸುತ್ತಣ ನೀರು ಒಮ್ಮೆಗೇ ಸಿಹಿಯಾದರೆ ಆ ನೀರು ಮೈಯೊಳಕ್ಕೆ ನುಗ್ಗಿ ಜೀವಕಣಗಳನ್ನು ಊದಿಸತೊಡಗುವುದು. ಆಗ ಅದು ಮಾಡಬಲ್ಲ ಉಪಾಯ ಒಂದೇ: ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಕಾಯುವುದು. ಆದರೆ ಬಾಗಿಲನ್ನು ಮುಚ್ಚಿ ಕುಳಿತಾಗ ಊಟವೂ ಇಲ್ಲ, ಉಸಿರೂ ಸಾಲದು. ಕೆಲವು ದಿನ ಹಾಗೆ ಕಳೆಯಬಹುದು; ವರ್ಷವೆಲ್ಲ ಕಳೆಯುವುದು ಹೇಗೆ? ನೀರಿನಲ್ಲಿ ತೇಲಾಡುವ ಅದರ ಎಳೆಯ ಮರಿಗಳಂತೂ ಇನ್ನೂ ಸುಕುಮಾರವಾದುವು.

ಈಗ ಅಘನಾಶಿನಿಯ ಕಡೆಗೆ ಹೋಗೋಣ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಇದರ ದಡದಲ್ಲಿ ಕಾಂಡ್ಲಾ ಗಿಡಗಳುಂಟು; ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಗದ್ದೆಗಳುಂಟು. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ನೀರಿಗಿಳಿದು ಕೈಯಿಂದ ತಡವಿ ಬಳಚನ್ನು ಆಯುವರು. ಮಾಂಸ ಊಟಕ್ಕಾಗುವುದು; ಚಿಪ್ಪು ಸುಣ್ಣಕ್ಕಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಾದ ಬೂಮಿನಾಥನ್, ಸುಭಾಷ್ ಚಂದ್ರನ್, ರಾಮಚಂದ್ರ ಇವರು ಈ ಕಸುಬನ್ನು ಲೆಕ್ಕಹಾಕಿ 2008ರಲ್ಲಿ ವರದಿಯೊಂದನ್ನು ಹೊರತಂದರು. ಒಂದು ವರ್ಷದಲ್ಲಿ ಈ ಅಳಿವೆಯಿಂದ ತೆಗೆಯುವ ಚಿಪ್ಪಿನ ಪ್ರಾಣಿಗಳ ತೂಕ ಸುಮಾರು 22,000 ಟನ್ನು. ಈ ಕೆಲಸದಲ್ಲಿ ನೇರವಾಗಿ ತೊಡಗಿದ್ದವರು ಎರಡು ಸಾವಿರಕ್ಕೂ ಹೆಚ್ಚು ಮಂದಿ ಎಂದು ಅವರ ಅಂದಾಜು. ಬಿತ್ತದೆ, ಗೊಬ್ಬರ ಹಾಕದೆ, ಕಂದಾಯ ಕೊಡದೆ ಬಂದ ಬೆಳೆ ಇದು.

ಅಲ್ಲಿಂದ ಕೆಲವು ಹರಿದಾರಿ ದಕ್ಷಿಣಕ್ಕೆ, ಹೊನ್ನಾವರದಲ್ಲಿ, ಶರಾವತಿಯ ಅಳಿವೆ ಇದೆ. ಅದೇ ಘಟ್ಟ, ಅದೇ ಮಳೆ, ಅದೇ ಕಡಲು. ಹಿಂದೆ ಅಲ್ಲಿಯೂ ಬಳಚು ಧಾರಾಳವಾಗಿ ದೊರೆಯುತ್ತಿದ್ದಿತು. ಈಗ ಅದು ಬಹುಮಟ್ಟಿಗೆ ಅಳಿದುಹೋಗಿದೆಯೆಂದು ಅದೇ ಸಂಶೋಧಕರು ಕಂಡರು. ಕಾರಣವನ್ನು ಹುಡುಕುತ್ತ ಹೋದರೆ ನಾವು ಘಟ್ಟದ ಮೇಲಕ್ಕೇ ಹೋಗಬೇಕಾಗುವುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು. ಮಳೆಗಾಲದಲ್ಲಿ ಒಮ್ಮೆಲೆ ಹರಿದುಹೋಗುತ್ತಿದ್ದ ನೀರು ಅಲ್ಲಿ ತಂಗಿ, ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ, ವರ್ಷವೆಲ್ಲ ಕೆಳಗಿಳಿಯತೊಡಗಿತು. ಉಪ್ಪು ಒಳಬರಬೇಕಾದ ಮಾಘ ಫಾಲ್ಗುಣಗಳಲ್ಲಿಯೂ ಸಿಹಿನೀರಿನ ಹರಿವು ನಿಲ್ಲಲಿಲ್ಲ. ಅಳಿವೆಯ ಉಪ್ಪು ಇಳಿಯಿತು. ಉಪ್ಪನ್ನು ನಂಬಿದ್ದ ಜೀವಿಗಳು ಹೋದುವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಅಣೆಕಟ್ಟು ನೀರನ್ನು ಕಡಮೆಮಾಡುವುದರಿಂದ ಅಳಿವೆಗೆ ಕೇಡೆಂದು ನಾವು ಸಾಮಾನ್ಯವಾಗಿ ಊಹಿಸುವೆವು. ಹಲವು ನದಿಗಳಲ್ಲಿ ಅದೂ ನಿಜವೇ. ಶರಾವತಿಯಲ್ಲಿ ಮಾತ್ರ ಕೇಡು ಬಂದುದು ನೀರು ಬಾರದುದರಿಂದಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದುದರಿಂದ. ಅಳಿವೆಯ ಜೀವಿಗಳು ಬಾಳುವುದು ಉಪ್ಪಿನಿಂದಲೂ ಅಲ್ಲ, ಸಿಹಿಯಿಂದಲೂ ಅಲ್ಲ. ಅವೆರಡೂ ತಮ್ಮತಮ್ಮ ಸರದಿಯನ್ನು ಕಾಯ್ದುಕೊಳ್ಳುವುದರಿಂದ. ರೈತನಿಗೆ ಮಳೆ ಬೇಕು. ಆದರೆ ಒಕ್ಕಣೆಯ ಕಣದ ಮೇಲೆ ಬಿದ್ದ ಮಳೆಯನ್ನು ಅವನು ವರವೆನ್ನುವನೇ?

ಎರಡು ನದಿಗಳು ಎಲ್ಲ ವಿಷಯದಲ್ಲಿಯೂ ಒಂದೇ ಆಗಿರುವುದಿಲ್ಲ. ಮರಳು ತೆಗೆಯುವುದು ಮೊದಲಾದ ಬೇರೆ ಹಾವಳಿಗಳೂ ಅಳಿವೆಗಳಿಗೆ ಉಂಟೆಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದುದೇ. ಆದರೂ ಪ್ರಯೋಗಶಾಲೆಯಲ್ಲಿ ಎರಡು ಗಾಜಿನ ಪಾತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವಂತೆ, ಕಟ್ಟೆಯಿಲ್ಲದ ನದಿಯೊಂದನ್ನೂ ಕಟ್ಟೆಯುಳ್ಳ ನದಿಯೊಂದನ್ನೂ ಒಂದೇ ಕರಾವಳಿಯಲ್ಲಿ ಹೋಲಿಸಿ ನೋಡುವ ಅನುಕೂಲ ಎಲ್ಲೆಡೆಯೂ ದೊರೆಯುವಂತಹುದಲ್ಲ. ಅಘನಾಶಿನಿಯು ಹಾಗೆಯೇ ಉಳಿದಿರುವುದರಿಂದಲೇ ಶರಾವತಿಯಲ್ಲಿ ಕಳೆದುಹೋದುದೇನೆಂದು ನಮಗೆ ತಿಳಿಯಿತು. 2024ರಲ್ಲಿ ಅಘನಾಶಿನಿಯ ಅಳಿವೆಯು ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಳಚಿನವರು ಬಹುಕಾಲದಿಂದ ಬಲ್ಲ ಬೆಲೆಯನ್ನು ಲೋಕವೂ ಒಪ್ಪಿಕೊಂಡಂತಾಯಿತು.

ಶರಾವತಿಯ ವಿದ್ಯುತ್ತು ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಆ ನದಿಯ ಬಲದಿಂದ ನಾಡಿನ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ. ಈ ಮಾತನ್ನು ತಮ್ಮ ಮನೆಗೆ ತಂದಿರುವ ವಿದ್ಯುತ್ತಿನಲ್ಲಿಯೂ ಅದರ ಪಾಲೊಂದು ಇದ್ದೀತು. ಆದರೆ ಆ ದೀಪದ ಬೆಲೆಯನ್ನು ಲೆಕ್ಕಹಾಕಿದಾಗ ಸಿಮೆಂಟನ್ನೂ ಯಂತ್ರವನ್ನೂ ಕೂಲಿಯನ್ನೂ ಬರೆದುಕೊಂಡೆವು; ಹೊನ್ನಾವರದ ಬುಟ್ಟಿ ಬರಿದಾಗುವುದನ್ನು ಬರೆದುಕೊಳ್ಳಲಿಲ್ಲ. ಲೆಕ್ಕದಲ್ಲಿ ಬಾರದ ಆ ನಷ್ಟವನ್ನು ತೆತ್ತವರು ಅಳಿವೆಯ ಬಡವರು. ಮುಂದೆ ಪಶ್ಚಿಮಕ್ಕೆ ಹರಿಯುವ ಯಾವ ನದಿಯನ್ನಾದರೂ ತಡೆಯುವ, ತಿರುಗಿಸುವ ಮಾತು ಬಂದಾಗ, ನೀರು ಎಷ್ಟು ಎಂಬ ಪ್ರಶ್ನೆಯೊಡನೆ, ಯಾವ ತಿಂಗಳಲ್ಲಿ ಎಂಬ ಪ್ರಶ್ನೆಯನ್ನೂ ಕೇಳುವುದು ನಮ್ಮ ಕರ್ತವ್ಯ. ನದಿಯ ನೀರು ಸಮುದ್ರಕ್ಕೆ ವ್ಯರ್ಥವಾಗಿ ಹೋಗುತ್ತಿದೆಯೆಂದು ಇನ್ನೊಮ್ಮೆ ಯಾರಾದರೂ ಹೇಳಿದರೆ, ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚನ್ನು ಆಯುತ್ತಿರುವ ಆ ಹೆಂಗಸನ್ನು ತಾವು ಒಂದು ಕ್ಷಣ ನೆನೆಯಬೇಕೆಂದು ನನ್ನ ಬಿನ್ನಹ.