ತಾಳ ಹಾಕುವ ಕೈ ಯಾರದು?



ಪಶ್ಚಿಮದ ವೃಂದಸಂಗೀತದಲ್ಲಿ ಹಾಡುವ ಹೆಂಗಸರಿಗೆ ಕೊರತೆಯಿರಲಿಲ್ಲ. ಆದರೆ ವೃಂದದ ಮುಂದೆ ನಿಂತು ಅದನ್ನು ನಡೆಸುವ ಜಾಗ ಬಹುಕಾಲ ಗಂಡಸರದೇ ಆಗಿತ್ತು. ಲಂಡನ್ನಿನ ಪ್ರಾಮ್ಸ್ ಉತ್ಸವದ ಕೊನೆಯ ರಾತ್ರಿಯ ಕಚೇರಿಯನ್ನು ಒಬ್ಬ ಮಹಿಳೆ, ಮರಿನ್ ಆಲ್ಸಪ್, ಮೊದಲ ಸಲ ನಡೆಸಿಕೊಟ್ಟದ್ದು 2013ರಲ್ಲಿ. ಇದನ್ನು ಕೇಳಿ ಅಚ್ಚರಿಪಡುವ ಮೊದಲು ನಮ್ಮ ಕಡೆಯ ಲೆಕ್ಕ ನೋಡೋಣ.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ನಾಗರತ್ನಮ್ಮ ನಮ್ಮ ಊರು ಬೆಂಗಳೂರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಪ್ರಸಿದ್ಧಳಾದಳು. ದೇವದಾಸಿ ಮನೆತನದ ಹೆಣ್ಣುಮಗಳು. ಸಂಸ್ಕೃತ, ತೆಲುಗು ಬಲ್ಲವಳು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದ ಸುದ್ದಿ ತಿಳಿದು, ಕಚೇರಿಗಳಲ್ಲಿ ದುಡಿದ ಹಣವನ್ನೆಲ್ಲ ಅಲ್ಲಿ ಸುರಿದಳು. ಜಾಗ ಕೊಂಡು ಗುಡಿ ಕಟ್ಟಿಸಿದಳು. 1925ರಲ್ಲಿ ಅದರ ಪ್ರತಿಷ್ಠೆ ಆಯಿತು. ಆದರೆ ಅಲ್ಲಿ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಪಕ್ಷಗಳೂ ಹೆಂಗಸರಿಗೆ ಹಾಡಲು ಅವಕಾಶ ಕೊಡಲಿಲ್ಲ. ಕಟ್ಟಿಸಿದವಳೇ ಹೊರಗೆ! ನಾಗರತ್ನಮ್ಮ ಅಳುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರದೇ ಒಂದು ಪಕ್ಷ ಕಟ್ಟಿ, ಗುಡಿಯ ಹಿಂಬದಿಯಲ್ಲೇ ಬೇರೆ ಆರಾಧನೆ ನಡೆಸಿದಳು. ಪಕ್ಷಗಳೆಲ್ಲ ಒಂದಾಗಿ ಹೆಂಗಸರ ದನಿಯೂ ಆ ಉತ್ಸವದಲ್ಲಿ ಸೇರಲು 1940ರವರೆಗೆ ಕಾಯಬೇಕಾಯಿತು. ಅವಳನ್ನು ದೂರವಿಟ್ಟದ್ದು ಹೆಣ್ಣು ಎಂಬ ಒಂದೇ ಕಾರಣಕ್ಕಲ್ಲ, ಹುಟ್ಟಿದ ಮನೆಯ ಕಾರಣಕ್ಕೂ ಹೌದು. ಅವಳನ್ನು ಹಾಡಿಹೊಗಳುವ ಸಭೆಗಳಲ್ಲಿ ಈ ಮಾತನ್ನು ಹಾರಿಸಿಬಿಡುವುದು ನನಗೆ ನೋವಿನ ಸಂಗತಿ.

ಇವತ್ತು ಮಲ್ಲೇಶ್ವರದಲ್ಲಾಗಲಿ ಚಾಮರಾಜಪೇಟೆಯಲ್ಲಾಗಲಿ ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗಾಯನಕ್ಕೆ ಹೋಗಿ ನೋಡಿ. ಹೆಂಗಸರು ತುಂಬಿರುತ್ತಾರೆ. ಹಾಗಾದರೆ ಸಮಾನತೆ ಬಂದಂತಲ್ಲವೇ? ಇಲ್ಲ. ಪಶ್ಚಿಮದಂತೆ ನಮ್ಮಲ್ಲಿ ಕೋಲು ಹಿಡಿದು ನಿಲ್ಲುವ ನಿರ್ದೇಶಕನಿಲ್ಲ, ನಿಜ. ಆದರೆ ಅಧಿಕಾರ ಶ್ರುತಿಯಲ್ಲೂ ಲಯದಲ್ಲೂ ಅಡಗಿದೆ. ಶ್ರುತಿಯ ಎತ್ತರವನ್ನು ನಾವು ‘ಮನೆ’ಗಳಲ್ಲಿ ಎಣಿಸುತ್ತೇವೆ. ಗಂಡಸರ ದನಿಗೆ ಒಂದು ಮನೆಯ ಆಸುಪಾಸಿನ ಶ್ರುತಿ ಒಗ್ಗಿದರೆ ಹೆಂಗಸರಿಗೆ ಐದು ಮನೆಯ ಆಸುಪಾಸು ಬೇಕು. ಶ್ರುತಿ ಯಾರದೆಂದು ನಿಶ್ಚಯವಾದ ಕೂಡಲೇ ಯಾರ ಕಂಠ ಅರಳುತ್ತದೆ, ಯಾರದು ಮಂದ್ರದಲ್ಲಿ ಮುಳುಗುತ್ತದೆ ಎಂಬುದೂ ನಿಶ್ಚಯವಾಯಿತು.

ಲಯದ ಕಥೆ ಇನ್ನೂ ಬಿಗಿ. ಹೆಂಗಸರ ಹಾಡಿಗೆ ಮೃದಂಗ ನುಡಿಸುವುದಿಲ್ಲ ಎಂದು ದೊಡ್ಡ ವಿದ್ವಾಂಸರೇ ನಿಯಮ ಹಾಕಿಕೊಂಡಿದ್ದ ಕಾಲವಿತ್ತು. ಹೆಣ್ಣೇ ಲಯವಾದ್ಯ ಹಿಡಿದರೆ? ನಮ್ಮ ಬೆಂಗಳೂರಿನಲ್ಲೇ ನೆಲೆಸಿರುವ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಬದುಕು ಅದಕ್ಕೆ ಉತ್ತರ. ಘಟ ಹೆಣ್ಣಿನ ಬೆರಳಿಗೆ ಕಷ್ಟ ಎಂದು ಗುರು ವಿಕ್ಕು ವಿನಾಯಕರಾಮ್ ಮೊದಲು ಹಿಂಜರಿದರು. ವಿನಾಯಕರಾಮ್ ಅವರ ತಂದೆ ಹರಿಹರ ಶರ್ಮರು ಈ ಶಿಷ್ಯೆಯ ಪರ ನಿಂತರು. ಕಲಿತ ಮೇಲೂ ದಾರಿ ಸುಲಭವಾಗಲಿಲ್ಲ. ಘಟ ಉಪಪಕ್ಕವಾದ್ಯ, ಅದನ್ನು ಯಾರು ನುಡಿಸಬೇಕೆಂಬುದರಲ್ಲಿ ಮೃದಂಗದವರ ಮಾತು ನಡೆಯುವ ರೂಢಿ. ಅವರು ಒಲ್ಲೆನೆಂದರೆ ಆಯಿತು, ಕಾರಣವನ್ನು ಯಾರೂ ಬರೆದಿಡುವುದಿಲ್ಲ. ಸುಕನ್ಯಾ 1995ರಲ್ಲಿ ಹೆಂಗಸರದೇ ತಾಳವಾದ್ಯ ತಂಡವಾಗಿ ‘ಸ್ತ್ರೀ ತಾಳ ತರಂಗ’ವನ್ನು ಕಟ್ಟಿದರು. ನಾಗರತ್ನಮ್ಮ ಹಿಡಿದ ದಾರಿಯೇ ಅದು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸುಕನ್ಯಾ ಅವರಿಗೆ 2014ನೇ ಸಾಲಿನಲ್ಲಿ ಬಂತು.

ಬೇರೆ ತಂಡ ಕಟ್ಟಿದ್ದು ಧೈರ್ಯದ ಕೆಲಸ, ಆ ಬಗ್ಗೆ ನನಗೆ ಅಪಾರ ಗೌರವ. ಆದರೆ ಹೆಣ್ಣುಮಕ್ಕಳೆಲ್ಲ ಮಹಿಳಾ ದಿನದ ಕಚೇರಿಗೆ ಕಾಯುವಂತಾದರೆ ಅದು ಗುಡಿಯ ಹಿಂಬದಿಯೇ. ಗಾಯನ ಸಮಾಜ 1905ರಿಂದ, ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವ 1939ರಿಂದ ಈ ಊರಿನ ಕಿವಿಯನ್ನು ತಿದ್ದಿವೆ. ಇಂಥ ಸಭೆಗಳು ಮನಸ್ಸು ಮಾಡಿದರೆ ರೂಢಿ ಬದಲಾಗುತ್ತದೆ. ಪಕ್ಕವಾದ್ಯದವರನ್ನು ಗೊತ್ತುಮಾಡುವಾಗ, ಜೊತೆಯಲ್ಲಿ ಹೆಣ್ಣು ಕೂರಬಾರದೆಂದು ಯಾರಾದರೂ ಹೇಳಿದರೆ, ಆ ಕಚೇರಿಗೆ ಬೇರೊಬ್ಬ ಮೃದಂಗದವರನ್ನು ಕರೆಯಿರಿ, ಘಟದವಳನ್ನು ಬಿಡಬೇಡಿ. ಮುಂದಿನ ಆರಾಧನೆಯ ಗೋಷ್ಠಿಯಲ್ಲಿ ಐದು ಕೃತಿಗಳ ಪೈಕಿ ಎರಡನ್ನಾದರೂ ಐದು ಮನೆ ಶ್ರುತಿಯಲ್ಲಿ, ವಿದುಷಿಯೊಬ್ಬರ ತಾಳಕ್ಕೆ ಹಾಡಿ.