ಅಳಿಸಿಹೋದ ಹಡಗುಗಳು

ಮಾತಿಗೆ ಮೊದಲು ಪರದೆಯ ಮೇಲಿನ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡೋಣ.

ಕೆಳಗೆ ಮಾಸಲು ಬಿಳುಪಿನ ಮರಳದಿಬ್ಬ. ಅದರಾಚೆ ಕಪ್ಪಿಟ್ಟ ಕಡಲು, ಒಂದು ಪಟ್ಟಿಯಷ್ಟೇ. ಮಿಕ್ಕಿದ್ದೆಲ್ಲ ಆಕಾಶ. ದಿಬ್ಬದ ಮೇಲೆ ನಮಗೆ ಬೆನ್ನು ಮಾಡಿ ನಿಂತ ಒಂದು ಪುಟ್ಟ ಆಕೃತಿ. ಚಿತ್ರದಲ್ಲಿ ನೆಟ್ಟಗೆ ನಿಂತಿರುವುದು ಅದೊಂದೇ. ಅದರ ತಲೆಯೂ ದಿಗಂತವನ್ನು ದಾಟುವುದಿಲ್ಲ, ಕಡಲ ಕಪ್ಪಿನಲ್ಲೇ ಉಳಿಯುತ್ತದೆ.

ಇದು ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1808ರಿಂದ 1810ರ ನಡುವೆ ಬರೆದ 'ಕಡಲ ತಡಿಯ ಸನ್ಯಾಸಿ'. ಆ ಕಾಲದ ನಿಸರ್ಗಚಿತ್ರಗಳಲ್ಲಿ ಅಂಚಿಗೊಂದು ಮರ, ನಡುವೆ ಹೊಳೆ, ದೂರದಲ್ಲಿ ಬೆಟ್ಟ ಇರುತ್ತಿದ್ದವು. ಕಣ್ಣಿಗೆ ಅದೇ ಕಾಲುದಾರಿ. ಇಲ್ಲಿ ಆ ದಾರಿಯೇ ಇಲ್ಲ. 1810ರಲ್ಲಿ ಬರ್ಲಿನ್ ಅಕಾಡೆಮಿಯ ಪ್ರದರ್ಶನದಲ್ಲಿ ಇದನ್ನು ಕಂಡ ಲೇಖಕ ಕ್ಲೈಸ್ಟ್, ನೋಡುವವನ ಕಣ್ಣರೆಪ್ಪೆಯನ್ನೇ ಕತ್ತರಿಸಿಬಿಟ್ಟಂತಿದೆ ಎಂಬರ್ಥದ ಮಾತು ಬರೆದ. ಚಿತ್ರವನ್ನು ಪ್ರಷ್ಯದ ದೊರೆ ಕೊಂಡುಕೊಂಡ. ಈಗ ಅದು ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿದೆ.

ಬಣ್ಣದ ಪದರಗಳ ಅಡಿಯನ್ನು ಅವಕೆಂಪು ಕಿರಣದಲ್ಲಿ ಪರೀಕ್ಷಿಸಿದಾಗ ಒಂದು ಸಂಗತಿ ಹೊರಬಿತ್ತು: ಈ ಕಡಲಿನಲ್ಲಿ ಮೊದಲು ಹಡಗುಗಳಿದ್ದವು. ಫ್ರೀಡ್ರಿಕ್ ಅವನ್ನು ಮುಚ್ಚಿಹಾಕಿದ. ಭಾವಕ್ಕೊಂದು ಆಲಂಬನ ಬೇಕು ಎನ್ನುತ್ತೇವಲ್ಲ, ಅವನು ಕಿತ್ತುಹಾಕಿದ್ದು ಅದನ್ನೇ. ಹಡಗಿದ್ದರೆ ಅದು ಅಗಲಿಕೆಯ ಚಿತ್ರವಾಗುತ್ತಿತ್ತು, ಇಲ್ಲವೇ ಕಾಯುವಿಕೆಯ ಚಿತ್ರ. ಹಡಗು ಹೋದ ಮೇಲೆ ಕಾಯುವುದಕ್ಕೂ ಏನೂ ಉಳಿಯಲಿಲ್ಲ.

ಆದರೆ ಖಾಲಿ ಜಾಗವನ್ನು ನಾವು ಹಾಗೇ ಬಿಡುವವರಲ್ಲ. ಬಾಲ್ಟಿಕ್ ತೀರದ ಗ್ರೈಫ್ಸ್‌ವಾಲ್ಡ್‌ನಲ್ಲಿ 1774ರಲ್ಲಿ ಹುಟ್ಟಿದ ಫ್ರೀಡ್ರಿಕ್ ಏಳನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ. ಹದಿಮೂರರಲ್ಲಿ ತಮ್ಮ ನೀರುಪಾಲಾದ. ಅದೇ ಈ ಕಪ್ಪುಕಡಲು ಎನ್ನುವವರಿದ್ದಾರೆ. 1806ರಲ್ಲಿ ನೆಪೋಲಿಯನ್ನನ ಸೇನೆ ಬರ್ಲಿನ್ನಿಗೆ ನುಗ್ಗಿತ್ತು. ಸೋತ ನಾಡಿನ ಮಂಕು ಇದು ಎನ್ನುವವರೂ ಇದ್ದಾರೆ. ಎರಡೂ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಂದೊಂದು ವಿವರಣೆಯೂ, ಚಿತ್ರಕಾರ ಕೈಯಾರೆ ಅಳಿಸಿದ ಕಡಲಿಗೆ ಒಂದೊಂದು ಹಡಗನ್ನು ಮತ್ತೆ ಇಳಿಸುತ್ತದೆ.

ಸನ್ಯಾಸಿಯ ಮುಖ ಕಂಡಿದ್ದರೆ ದುಃಖವೋ ಭಕ್ತಿಯೋ ಎಂದು ಓದಿ ಮುಗಿಸುತ್ತಿದ್ದೆವು. ಬೆನ್ನು ಹಾಗೆ ಓದಗೊಡುವುದಿಲ್ಲ. ಅವನು ನೋಡುತ್ತಿರುವುದನ್ನೇ ನಾವೂ ನೋಡುತ್ತಾ ನಿಲ್ಲಬೇಕು. ಚಿತ್ರದ ಅರ್ಥ ಆ ನಿಲುವಿನಲ್ಲಿದೆ ಎಂದು ನನಗನ್ನಿಸುತ್ತದೆ.

ದಯವಿಟ್ಟು ಸಭಾಂಗಣದ ದೀಪ ಆರಿಸಿ. ಇನ್ನೊಂದು ನಿಮಿಷ ನೋಡೋಣ. ಈ ಸಲ ಹಡಗು ಹುಡುಕುವುದು ಬೇಡ.