ಶ್ರಮದಲ್ಲಿ ಬಯಲಾಗುವ ಹೃದ್ರೋಗ

ಹಿರಿಯರಿಂದ ನಮಗೆ ಹೊಲಮನೆಗಳು ಬರುತ್ತವೆ, ಕಣ್ಣುಮೂಗುಗಳ ಹೋಲಿಕೆ ಬರುತ್ತದೆ. ಕೆಲವು ಮನೆತನಗಳಲ್ಲಿ ಹೃದಯಸ್ನಾಯುವಿನ ರೋಗವೊಂದೂ ಹೀಗೆಯೇ ಇಳಿದುಬರುತ್ತದೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಅದರ ಹೆಸರು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂದು ಅಂದಾಜು. 1958ರಲ್ಲಿ ಲಂಡನ್ನಿನ ಡೊನಾಲ್ಡ್ ಟಿಯರ್ ಅವರು, ಹಠಾತ್ತನೆ ಮಡಿದ ಎಳೆಯರ ಹೃದಯಗಳಲ್ಲಿ ನಡುಗೋಡೆ ವಿಪರೀತ ದಪ್ಪವಾಗಿದ್ದುದನ್ನು ವಿವರಿಸಿದರು.

ಕುಳಿತಾಗ ಸುಮ್ಮನಿರುವ ಈ ರೋಗ, ಮೆಟ್ಟಿಲೇರುವಾಗ, ಓಡುವಾಗ ತಲೆಯೆತ್ತುತ್ತದೆ. ಏದುಸಿರು, ಎದೆನೋವು, ಕಣ್ಣುಕತ್ತಲೆ ಅದರ ಲಕ್ಷಣಗಳು. ಶ್ರಮಪಡುವಾಗ ಹೃದಯ ಹೆಚ್ಚು ಬಲದಿಂದ ಸಂಕುಚಿಸುತ್ತದೆ. ಆಗ ಮೈಟ್ರಲ್ ಕವಾಟದ ಎಸಳು ದಪ್ಪಗಾದ ಗೋಡೆಯತ್ತ ಸೆಳೆಯಲ್ಪಟ್ಟು, ರಕ್ತ ಹೊರಡುವ ದಾರಿಗೆ ಅಡ್ಡವಾಗುತ್ತದೆ. ಬಿರುಸಾದ ಸ್ನಾಯು ಬೇಗ ಸಡಿಲಗೊಳ್ಳದ್ದರಿಂದ ಹೃದಯ ಸರಿಯಾಗಿ ತುಂಬಿಕೊಳ್ಳುವುದೂ ಇಲ್ಲ.

ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಈ ಅಡಚಣೆ ವಿಶ್ರಾಂತಿಯಲ್ಲೇ ಇರುತ್ತದೆ. ಇನ್ನೊಂದು ಪಾಲಿಗೆ ಶ್ರಮಪಟ್ಟಾಗ ಮಾತ್ರ ಉಂಟಾಗುತ್ತದೆ. ಆದಕಾರಣ, ಮಲಗಿಸಿ ಎಕೋ ಪರೀಕ್ಷೆ ಮಾಡಿ, 'ಅಡಚಣೆಯಿಲ್ಲ, ಎಲ್ಲ ಮನಸ್ಸಿನ ಭ್ರಮೆ' ಎಂದು ರೋಗಿಯನ್ನು ಕಳುಹಿಸುವುದನ್ನು ನಾನು ಒಪ್ಪಲಾರೆ. ತೊಂದರೆ ನಡೆಯುವಾಗ ಹುಟ್ಟುವುದಾದರೆ, ವೈದ್ಯರ ಸಮಕ್ಷಮದಲ್ಲಿ ಸೈಕಲ್ ತುಳಿಸಿ, ಇಲ್ಲವೇ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ, ಎಕೋ ನೋಡಬೇಕು.

ಚಿಕಿತ್ಸೆಯಲ್ಲಿಯೂ ವಿವೇಕ ಬೇಕು. ಎದೆನೋವೆಂದೊಡನೆ ನಾಲಗೆಯಡಿ ಇಡುವ ನೈಟ್ರೇಟ್ ಗುಳಿಗೆ ಅನೇಕ ಹೃದ್ರೋಗಿಗಳಿಗೆ ಬಂಧು. ಅಡಚಣೆಯುಳ್ಳ ಈ ರೋಗಿಗೆ ಅದು ಅಡಚಣೆಯನ್ನೇ ಹೆಚ್ಚಿಸಬಲ್ಲುದು. ಬಾಯಾರಿ ಮೈಯ ನೀರಿಂಗಿದಾಗಲೂ ಹಾಗೆಯೇ. ಹೃದಯದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಔಷಧಗಳನ್ನು ಸಾಮಾನ್ಯವಾಗಿ ಮೊದಲು ಕೊಡುತ್ತಾರೆ. ಸ್ನಾಯುವಿನ ಅತಿಸಂಕೋಚನವನ್ನೇ ತಗ್ಗಿಸುವ ಮಾವಾಕಾಮ್ಟೆನ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಹೃದಯದ ಬಲವನ್ನು ಮಿತಿಮೀರಿ ಕುಗ್ಗಿಸದಂತೆ ಆಗಾಗ ಎಕೋ ನೋಡುತ್ತಿರಬೇಕು. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗೋಡೆಯ ಭಾಗವನ್ನು ಕೆತ್ತಿ ತೆಗೆಯಬಹುದು. ಅಥವಾ ಅದಕ್ಕೆ ರಕ್ತವೊಯ್ಯುವ ಕಿರುನಾಳದೊಳಗೆ ಆಲ್ಕೋಹಾಲ್ ಹಾಯಿಸಿ ಅದನ್ನು ತೆಳುವಾಗಿಸಬಹುದು.

ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕಬೇಕಾಗಿಲ್ಲ. ವೈದ್ಯರ ಸಲಹೆಯಂತೆ ಮಿತವಾದ ವ್ಯಾಯಾಮ ಬಹುಮಂದಿಗೆ ಹಿತಕರ. ಆದರೆ ಆಟದ ನಡುವೆ ಮೂರ್ಛೆಹೋಗುವುದನ್ನು ಬಿಸಿಲಿನ ಆಯಾಸವೆಂದು ಎಂದಿಗೂ ತಳ್ಳಿಹಾಕಬಾರದು. ಅದು ಪ್ರಾಣಾಪಾಯದ ಮುನ್ಸೂಚನೆಯಿರಬಹುದು.

ತಂದೆ ಅಥವಾ ತಾಯಿಯಲ್ಲಿ ಇದಕ್ಕೆ ಕಾರಣವಾದ ವಂಶದೋಷವಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಂಭವ ಸಾಮಾನ್ಯವಾಗಿ ಅರ್ಧಕ್ಕರ್ಧ. ಒಬ್ಬರಿಗೆ ರೋಗ ಪತ್ತೆಯಾದೊಡನೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಲಕ್ಷಣಗಳಿರಲಿ ಬಿಡಲಿ, ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಂಬಂಧ ಕೆಟ್ಟೀತೆಂಬ ಅಂಜಿಕೆಯಿಂದ ಮನೆತನದ ಅಕಾಲಮರಣಗಳನ್ನು ಮುಚ್ಚಿಡದೆ ವೈದ್ಯರ ಮುಂದೆ ಹೇಳಿಬಿಡಿ ಎಂಬುದು ಶ್ರೋತೃಗಳಲ್ಲಿ ನನ್ನ ಬಿನ್ನಹ.